ಕಪಾಟಿನ ಸವತಿಯರು

ಮೊದಲನೇ ಏಟಿಗೇ ಯಜಮಾನ ನೆಲ ಕಚ್ಚಿದ್ದ. ಆಮೇಲಿನ ಏಟುಗಳು ಬರೀ ಸಿಟ್ಟು ತೀರಿಸಿಕೊಳ್ಳಲು ಬಿದ್ದವು. ತಲೆಬುರುಡೆ ಒಡೆದು, ರಕ್ತ ಗೋಡೆಗೆ ಸಿಡಿದು, ಮೇಜಿನ ಕಾಲಿನವರೆಗೂ ಹರಿದಿತ್ತು. ಪಕ್ಕದಲ್ಲೇ ಬಿದ್ದಿತ್ತು, ಬುಡ ಸೊಟ್ಟಗಾದ ಹಿತ್ತಾಳೆಯ ಕ್ಯಾಂಡಲ್‌ಸ್ಟ್ಯಾಂಡ್.

ಅಂಥವು ಆ ಕೋಣೆಯ ತುಂಬ ಇದ್ದವು. ಯೂರೋಪಿನ ಹಳೆಯ ಅರಮನೆ, ಚರ್ಚುಗಳಿಂದ ಬಂದವು. ಒಂಟಿ ಕಾಲಿನವು, ಐದು ಕೈಯವು. ಯಜಮಾನ ಮತ್ತು ಅವನ ತಮ್ಮ ಸೇರಿ ಜೀವಮಾನವಿಡೀ ಕೂಡಿಹಾಕಿದ್ದರು. ಈಗ ಯಜಮಾನ ಎಲ್ಲವನ್ನೂ ಒಂದು ಹೋಟೆಲಿಗೆ ಮಾರಿಬಿಟ್ಟಿದ್ದ. ಹೋಟೆಲಿನವರು ತೂತು ಕೊರೆದು, ವೈರ್ ಎಳೆದು, ಬಲ್ಬು ಸಿಕ್ಕಿಸುವವರಿದ್ದರು.

“ಅಣ್ಣ, ಒಂದಕ್ಕೆ ತೂತು ಬಿದ್ರೂ ನಿನ್ನ ತಲೆಗೆ ತೂತು ಬೀಳುತ್ತೆ” ಎಂದು ತಮ್ಮ ಅಬ್ಬರಿಸಿದ್ದು ಅಕ್ಕಪಕ್ಕದವರಿಗೆಲ್ಲ ಕೇಳಿಸಿತ್ತು.

ಇನ್‌ಸ್ಪೆಕ್ಟರ್ ಮೊದಲು ಸತ್ತವನ ಹೆಂಡತಿಯನ್ನು ವಿಚಾರಿಸಿದ. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

“ನನಗೇನು ಗೊತ್ತು ಸಾರ್? ಇವು ನನ್ನ ಸವತಿಯರು. ಇಷ್ಟು ವರ್ಷ ಇವರ ಮೈ ಒರೆಸಿದ್ದೇ ಬಂತು. ಯಾವುದು ಎಲ್ಲೀದು ಅಂತ ಇವತ್ತಿಗೂ ಗೊತ್ತಿಲ್ಲ. ತೊಲಗಿದ್ರೆ ಸಾಕಾಗಿತ್ತು.”

ಹೊತ್ತು ಹೋಗದ ಪೇದೆಯೊಬ್ಬ ಐದು ಕೈಯದರ ಮೇಲಿನ ಹಳೆಯ ಮೇಣವನ್ನು ಚಾಕುವಿನಿಂದ ಕೆರೆಯತೊಡಗಿದ. ಅವಳು ಅವನ ಕೈ ಹಿಡಿದಳು. “ಬಿಡಪ್ಪ, ಗೀರು ಬೀಳುತ್ತೆ. ಅಂಗೈ ಬಿಸಿಗೆ ತಾನಾಗೇ ಬಿಡುತ್ತೆ. ಅವರಿದ್ದಿದ್ರೆ ಕಿರುಚಾಡ್ತಿದ್ರು.”

ಅಷ್ಟರಲ್ಲಿ ಅವಳ ಮೈದುನನನ್ನು ಹಿಡಿದು ತಂದರು.

“ಯಾರೋ ಕಳ್ಳನ ಕೆಲಸ ಸಾರ್” ಎಂದ ಅವನು.

“ಕಳ್ಳ ಆಗಿದ್ರೆ ಕೈಗೆ ಸಿಕ್ಕಿದ್ದನ್ನ ಎತ್ತುತ್ತಿದ್ದ” ಎಂದ ಇನ್‌ಸ್ಪೆಕ್ಟರ್. “ಇಲ್ಲೇ ಮೇಜಿನ ಮೇಲೆ ಗಟ್ಟಿಮುಟ್ಟಾದ್ವು ಇಷ್ಟೊಂದಿವೆ. ಕೊಂದವನು ಇವನ್ನೆಲ್ಲ ಬಿಟ್ಟು, ಆ ಮೂಲೆ ಕಪಾಟು ತೆಗೆದು ಇದೊಂದನ್ನ ತಂದಿದಾನೆ. ಯಾಕೆ ಹೇಳು? ಮ್ಯೂಸಿಯಂನವರು ಬಂದು ನೋಡಿದ್ರು. ಇಡೀ ಮನೇಲಿ ನಕಲಿ ಇದೊಂದೇ. ತಲೆ ಒಡೆಯುವಾಗಲೂ ಅಸಲಿಗೆ ನಗ್ಗು ಬೀಳಬಾರದು ಅಂದ್ಕೊಂಡಿದಾನೆ ಅಂದ್ರೆ, ಇವುಗಳ ಮೇಲೆ ಪ್ರಾಣ ಇಟ್ಟಿರೋನೇ.”

ಮೈದುನನ ಮುಖ ಬಿಳಿಚಿಕೊಂಡಿತು. “ನಕಲಿನಾ? ಅದನ್ನ ತಂದೋನೇ ನಾನು. ಅಸಲಿ ಅಂತಲೇ ಅಣ್ಣನಿಗೆ ಕೊಟ್ಟಿದ್ದೆ. ನಮ್ಮಿಬ್ಬರಿಗೂ ಗೊತ್ತೇ ಇರಲಿಲ್ಲ ಸಾರ್.”

ಯಾರು ನಂಬುತ್ತಾರೆ? ಕಪಾಳಕ್ಕೆ ಬಿದ್ದ ಏಟಿಗೆ ಅವನ ತುಟಿ ಸೀಳಿ ರಕ್ತ ಬಂತು. “ಅತ್ತಿಗೆ, ನೀವಾದ್ರೂ ಹೇಳಿ” ಎಂದು ಅಂಗಲಾಚುತ್ತಿದ್ದವನನ್ನು ಕೂದಲು ಹಿಡಿದು ಜೀಪಿಗೆ ದಬ್ಬಿದರು. ಅತ್ತಿಗೆ ಮುಖ ಮುಚ್ಚಿಕೊಂಡು ಅತ್ತಳು.

ಜೀಪು ತಿರುವು ದಾಟಿದ ಮೇಲೆ ಅವಳು ಹೋಟೆಲಿಗೆ ಫೋನ್ ಮಾಡಿ, ಲಾರಿ ಕಳಿಸಬೇಡಿ, ಯಾವುದನ್ನೂ ಕೊಡುವುದಿಲ್ಲ ಎಂದಳು. ಬಾಗಿಲು ಹಾಕಿದಳು. ಐದು ಕೈಯದನ್ನು ಮಡಿಲಿಗೆ ಎಳೆದುಕೊಂಡು, ಪೇದೆ ಕೆರೆದಿದ್ದ ಮೇಣದ ಮೇಲೆ ಅಂಗೈ ಇಟ್ಟಳು.

“ಸದ್ಯ ಕಣ್ರೇ,” ಎಂದಳು, “ನಿಮ್ಮಲ್ಲಿ ಒಬ್ಬಳಿಗೂ ನಗ್ಗು ಬೀಳಲಿಲ್ಲ.”