ಒಡೆಯದ ಬಳೆ

ಬಳೆ ಶೆಟ್ಟರು ಸುಂದರಮ್ಮನ ಕೈ ಒತ್ತಿದಾಗ ಟಕ್ ಎಂದ ಸದ್ದಿಗೆ ಚಾಮರಾಜಪೇಟೆಯ ಆ ನಡುಮನೆಯ ಹೆಂಗಸರೆಲ್ಲ ಮಾತು ನಿಲ್ಲಿಸಿದರು. ಬಸುರಿ ಮಗಳ ಸೀಮಂತದ ದಿನ ಬಳೆ ಒಡೆಯಬಾರದು.

ಸುಂದರಮ್ಮ ಹಸಿರು ಬಳೆಗಳನ್ನು ನೋಡಿಕೊಂಡರು. ಒಂದೂ ಬಿರುಕು ಬಿಟ್ಟಿರಲಿಲ್ಲ. ನೋವು ಮಾತ್ರ ಮಣಿಕಟ್ಟಿನಿಂದ ಮೊಣಕೈಗೆ ಏರುತ್ತಿತ್ತು. "ಮೂಳೆ ಟೊಳ್ಳಾಗ್ಬಿಟ್ಟಿದೆ. ಇನ್ನು ಕ್ಯಾಲ್ಸಿಯಂ ನುಂಗಿದ್ರೂ ಹೋಗಿದ್ದು ವಾಪಸ್ ಬರಲ್ಲ" ಎಂದು ಡಾಕ್ಟರು ಹೇಳಿದ್ದನ್ನು ಅವರು ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ.

"ಒಡೀತೇನಮ್ಮಾ?" ಮಗಳು ಸುಪ್ರಜಾ ಗಾಬರಿಯಿಂದ ಕೇಳಿದಳು.

"ಇಲ್ಲ ಕಣೇ, ಎಲ್ಲಾ ನೆಟ್ಟಗಿವೆ" ಎನ್ನುತ್ತ ಸುಂದರಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಬೆರಳು ಮಡಿಸಲು ನೋಡಿದರು, ಆಗಲಿಲ್ಲ.

"ಸದ್ಯ" ಎಂದ ಸುಪ್ರಜಾ ಪಕ್ಕದ ಗೆಳತಿಗೆ ಹೇಳಿದಳು: "ಬಾಣಂತನಕ್ಕೆ ಬೇರೆ ಯಾರೂ ಬೇಡ ಅಂದ್ಬಿಟ್ಟಿದೀನಿ. ಮಗೂನ ಕಾಲ ಮೇಲೆ ಮಲಗಿಸ್ಕೊಂಡು ನೀರು ಹಾಕೋಕೆ ನಮ್ಮಮ್ಮನ ಕೈ ಇದೆಯಲ್ಲ."