ಇಳಿಜಾರಿನ ಮಾಲೀಕರು

“ಇನ್ನೊಂದೇ ತಿರುವು ಪುಟ್ಟಿ. ಅದು ದಾಟಿದ ತಕ್ಷಣ ಗಾಡಿ ನಿಲ್ಲಿಸು, ನಾನು ಮುಂದೆ ಕೂರ್ತೀನಿ,” ಎಂದು ಷಡಕ್ಷರಪ್ಪ ಹಿಂದಿನ ಸೀಟಿನಿಂದ ಮಗಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರು.

ಮೈತ್ರಿ ಗೇರ್ ಇಳಿಸಿದಳು. ಕೆಮ್ಮಣ್ಣುಗುಂಡಿಯ ಘಾಟಿ, ಏದುಸಿರು ಬಿಡುತ್ತ ಹತ್ತುತ್ತಿರುವ ಹಳೇ ಯೆಜ್ಡಿ ಬೈಕು, ಬೆನ್ನ ಹಿಂದೆ ಭದ್ರಾವತಿ ಬಿಟ್ಟಾಗಿನಿಂದ ಬಾಯಿ ಮುಚ್ಚದ ಅಪ್ಪ. ಪಾಪದ ಹುಡುಗಿ ಯಾವುದನ್ನಂತ ಸಂಭಾಳಿಸಬೇಕು?

ಶಿವಮೊಗ್ಗದ ಯೆಜ್ಡಿ ಮಾಲೀಕರ ಸಂಘ ವರ್ಷಕ್ಕೊಮ್ಮೆ ಹೀಗೆ ಬೆಟ್ಟ ಹತ್ತಿ, ಮೇಲಿನ ಗೆಸ್ಟ್‌ಹೌಸ್ ಮೈದಾನದಲ್ಲಿ ಸೇರಿ, ಹಾರ ಹಾಕಿಸಿಕೊಂಡು, ಊಟ ಮಾಡಿ ಬರುತ್ತದೆ. ನಿಯಮ ಒಂದೇ: ಗಾಡಿಯನ್ನು ಮಾಲೀಕನೇ ಓಡಿಸಿಕೊಂಡು ಬರಬೇಕು. ‘ಆಗದವರು ಮನೆಯಲ್ಲಿ ಟೀವಿ ನೋಡಬಹುದು’ ಎಂದು ಅಧ್ಯಕ್ಷ ಯಜ್ಞನಾರಾಯಣ ಈ ಸಲವೂ ವಾಟ್ಸಾಪಿನಲ್ಲಿ ಹಾಕಿದ್ದರು. ಷಡಕ್ಷರಪ್ಪನವರಿಗೆ ಹೋದ ವರ್ಷ ಲಕ್ವ ಹೊಡೆದಿತ್ತು. ಕಾಲು ಸರಿಹೋಯಿತು, ಮಾತಂತೂ ಮೊದಲಿಗಿಂತ ಜಾಸ್ತಿಯೇ ಆಯಿತು. ಎಡಗೈ ಮಾತ್ರ ಕ್ಲಚ್ ಹಿಡಿಯಲು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಈ ವಿಷಯ ಸಂಘದ ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ಪೂಜೆ ಇದೆ, ನೀವು ಮುಂದೆ ಹೋಗಿ ಎಂದು ಸುಳ್ಳು ಹೇಳಿ, ಎಲ್ಲರೂ ಹೋದ ಮೇಲೆ ಹೊರಟಿದ್ದರು.

ಉಪಾಯ ಅವರದೇ. ಕೊನೆಯ ತಿರುವಿನಿಂದ ಮೈದಾನದವರೆಗೆ ರಸ್ತೆ ಸಣ್ಣಗೆ ಇಳಿಜಾರು. ನ್ಯೂಟ್ರಲ್ ಮಾಡಿ ಬಿಟ್ಟರೆ ಗಾಡಿ ತಾನೇ ಉರುಳಿಕೊಂಡು ಹೋಗುತ್ತದೆ. ಕ್ಲಚ್ಚೂ ಬೇಡ, ಗೇರೂ ಬೇಡ. ಬ್ರೇಕಿಗೆ ಬಲಗೈ, ಬಲಗಾಲು ಸಾಕು. ಅಷ್ಟು ದೂರ ಮುಂದೆ ಕೂತು ಕಾಣಿಸಿಕೊಂಡರೆ ಉಳಿದ ದಾರಿಯನ್ನು ಯಾರು ನೋಡಿದ್ದಾರೆ? ಈ ಗುಟ್ಟು ತನಗೊಬ್ಬನಿಗೇ ಗೊತ್ತು ಎಂದು ಅವರಿಗೆ ಒಳಗೊಳಗೇ ಹೆಮ್ಮೆ ಬೇರೆ.

“ಅಪ್ಪಾಜಿ, ಹಿಂದೆ ಕೂತು ಹೋದ್ರೆ ಏನಾಗುತ್ತೆ? ಯಾರೇನು ಅಂತಾರೆ?”

“ನಿಂಗೊತ್ತಾಗಲ್ಲ ಮಾರಾಯ್ತಿ. ಏನೂ ಅನ್ನಲ್ಲ. ಅಯ್ಯೋ ಪಾಪ ಅಂತಾರೆ. ಮುಂದಿನ ವರ್ಷ ಕರೆಯೋದೇ ಇಲ್ಲ.” ಮೂವತ್ತು ವರ್ಷದ ಗೆಳೆಯರು. ಅವರ ನಡುವೆ ರೋಗಿಯಾಗಿ ಹೋಗಿ ನಿಲ್ಲುವುದನ್ನು ನೆನೆದರೇ ಷಡಕ್ಷರಪ್ಪನವರಿಗೆ ಅಳು ಬರುತ್ತಿತ್ತು.

ಗಾಡಿ ತಿರುವು ದಾಟಿತು. ರಸ್ತೆ ಪಕ್ಕದಲ್ಲಿ ಆಗಲೇ ಇನ್ನೊಂದು ಯೆಜ್ಡಿ ನಿಂತಿತ್ತು. ಅದರ ಹಿಂದಿನ ಸೀಟಿನಿಂದ ಸಂಘದ ಗೆಳೆಯ, ರಾಗಿಗುಡ್ಡದ ಚಂದ್ರಶೇಖರಪ್ಪ ಇಳಿಯುತ್ತಿದ್ದರು. ಇಳಿಯುವುದೇನು ಬಂತು, ಒಂದು ಕಾಲು ಸೀಟಿನ ಮೇಲೇ ಸಿಕ್ಕಿಕೊಂಡಿತ್ತು. ಹೆಲ್ಮೆಟ್ ಹಾಕಿಕೊಂಡ ಸೊಸೆ ಶಾಂಭವಿ, “ಮೆಲ್ಲಗೆ ಮಾವ, ಮೆಲ್ಲಗೆ,” ಎನ್ನುತ್ತ ರಟ್ಟೆ ಹಿಡಿದುಕೊಂಡಿದ್ದಳು.

“ಏನೋ ಇದು ಚಂದ್ರು?”

“ಮಂಡಿ ಕಣೋ. ಆಪರೇಷನ್ ಆದ್ಮೇಲೆ ಕಿಕ್ ಹೊಡಿಯೋಕಾಗಲ್ಲ, ಗೇರ್ ಹಾಕೋಕಾಗಲ್ಲ. ಇಲ್ಲಿವರೆಗೆ ಸೊಸೆ ತಂದ್ಲು. ಇಲ್ಲಿಂದ ಹೆಂಗೂ ಇಳಿಜಾರು...” ಎಂದವರು ಗಪ್ಪನೆ ನಿಲ್ಲಿಸಿ, ಮೈತ್ರಿಯನ್ನೂ ಅವಳ ಹಿಂದೆ ಕೂತ ಗೆಳೆಯನನ್ನೂ ನೋಡಿದರು. “ಲೇ! ನೀನೂನಾ?”

ಮೈತ್ರಿ ಇಂಜಿನ್ ನಿಲ್ಲಿಸಿ ಅಪ್ಪನ ಜೊತೆ ಇಳಿಯುವಷ್ಟರಲ್ಲಿ ಕೆಳಗಿನಿಂದ ಪಟಪಟ ಸದ್ದು ಕೇಳಿಸಿತು. ಇನ್ನೊಂದು ಯೆಜ್ಡಿ!

“ಯಾರೋ ಬಂದ್ರು, ಹತ್ತು ಹತ್ತು!” ಎಂದು ಗೆಳೆಯರಿಬ್ಬರೂ ಮುಂದಿನ ಸೀಟಿಗೆ ಹತ್ತಲು ಗಡಿಬಿಡಿ ಮಾಡಿದರು. ಇವರ ಕೈ ಜಾರಿತು, ಅವರ ಮಂಡಿ ಬಗ್ಗಲಿಲ್ಲ. ಅಷ್ಟರಲ್ಲಿ ಆ ಗಾಡಿ ತಿರುವು ದಾಟಿ ಬಂದೇ ಬಿಟ್ಟಿತು. ಓಡಿಸುತ್ತಿದ್ದದ್ದು ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡ ಸುಬ್ಬಲಕ್ಷ್ಮಮ್ಮ. ಹಿಂದೆ, ಹೂವಿನ ಹಾರಗಳ ಚೀಲವನ್ನು ತಬ್ಬಿಕೊಂಡು ಕೂತಿದ್ದವರು ಅವರ ಯಜಮಾನರು, ಸಂಘದ ಅಧ್ಯಕ್ಷ ಯಜ್ಞನಾರಾಯಣ.

“ನಿಲ್ಲಿಸ್ಬೇಡ ಕಣೇ, ಹೋಗ್ತಾ ಇರು!” ಎಂದು ಅವರು ಹೆಂಡತಿಯ ಬೆನ್ನು ತಟ್ಟಿದರು.

ಸುಬ್ಬಲಕ್ಷ್ಮಮ್ಮ ಬ್ರೇಕ್ ಒತ್ತಿ ಕಾಲು ಊರಿದರು. “ಈ ತಿರುವಲ್ಲೇ ನಿಲ್ಸು, ಈ ತಿರುವಲ್ಲೇ ನಿಲ್ಸು ಅಂತ ದಾರಿಯುದ್ದಕ್ಕೂ ತಲೆ ತಿಂದವರು ನೀವೇ ಅಲ್ವೇನ್ರೀ?”

ಯಜ್ಞನಾರಾಯಣರೇ ಮೆಲ್ಲಗೆ ಬಾಯಿಬಿಟ್ಟರು. “ಕಣ್ಣಿಗೆ ಪೊರೆ ಬಂದಿದೆ ಮಾರಾಯ. ಎದುರಿಗಿರೋದು ಬಸ್ಸೋ ಬಂಡೆಯೋ ಗೊತ್ತಾಗಲ್ಲ.”

ಮೊದಲು ನಕ್ಕವರು ಚಂದ್ರಶೇಖರಪ್ಪ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ನಕ್ಕು ನಕ್ಕು ಷಡಕ್ಷರಪ್ಪನವರ ಕಣ್ಣಲ್ಲಿ ನೀರು ಬಂತು. ಅದರಲ್ಲಿ ನಗುವಿನದೆಷ್ಟೋ, ಇಷ್ಟು ದಿನ ನುಂಗಿಕೊಂಡಿದ್ದ ಸಂಕಟದ್ದೆಷ್ಟೋ. ಒರೆಸಿಕೊಳ್ಳಲೂ ನಾಚಿಕೆಯಾಗಲಿಲ್ಲ.

ಅಷ್ಟರಲ್ಲಿ ಮೈತ್ರಿ ಗಾಡಿಯ ಹ್ಯಾಂಡಲ್ ಹಿಡಿದು ನಿಂತಿದ್ದಳು. “ಬನ್ನಿ ಅಪ್ಪಾಜಿ, ಮುಂದೆ ಕೂತ್ಕೊಳ್ಳಿ. ನ್ಯೂಟ್ರಲ್ ಮಾಡಿದೀನಿ.”

ಷಡಕ್ಷರಪ್ಪ ಮುಂದಿನ ಸೀಟನ್ನು ಒಮ್ಮೆ ಸವರಿದರು. ಆಮೇಲೆ ಹಿಂದಕ್ಕೆ ಸರಿದು ನಿಂತರು.

“ಕಳ್ಳರ ಹಾಗೆ ಸದ್ದಿಲ್ದೆ ಯಾಕೆ ಹೋಗ್ಬೇಕು? ನೀನು ಹತ್ತು ಪುಟ್ಟಿ, ಕಿಕ್ ಹೊಡಿ. ನಾವು ಬಂದಿದ್ದು ಬೆಟ್ಟಕ್ಕೆಲ್ಲ ಕೇಳಲಿ.”