ಬಾಗಿಲಿಗೆ ಗೊತ್ತಿದ್ದ ನಿಲುವು

ಬೀಗದ ಕಾಲ ಮುಗಿದಿತ್ತು. ಮನೆಯವರು ನಿಲ್ಲುವ ರೀತಿ ನೋಡಿಯೇ ಬಾಗಿಲುಗಳು ತೆರೆಯುತ್ತಿದ್ದವು. ಇವತ್ತು ನೀಲವ್ವನ ಮನೆಯ ಬಾಗಿಲು ಅವಳನ್ನೇ ಒಳಬಿಡಲಿಲ್ಲ. ಒಳಗೆ ಒಲೆಯ ಮೇಲೆ ಹಾಲಿತ್ತು.

"ನಿನ್ನಿಂದನ ಆತು ನೋಡು," ಎಂದಳು ಪಕ್ಕದ ಮನೆಯ ಶಶಿಕಲಾಗೆ. "ಮೊಣಕಾಲು ಸಡಿಲ ಬಿಡು, ತಲಿ ತಾನಾಗೇ ಮ್ಯಾಲೇಳ್ಲಿ ಅಂತ ಕಲಿಸಿದಿ. ಬೆನ್ನುನೋವೂ ಹೋತು, ಮನೀನೂ ಹೋತು."

"ಮೊದಲಿನಂಗ ಬಗ್ಗಿ ನಿಲ್ಲಕ್ಕ."

ನೀಲವ್ವ ಕತ್ತು ಇಳಿಸಿದಳು, ಭುಜ ಕುಗ್ಗಿಸಿದಳು. ಆ ನಟನೆಯನ್ನು ಬಾಗಿಲು ಒಪ್ಪಲಿಲ್ಲ. ಹಾಲು ಸೀದ ವಾಸನೆ ಹೊರಗೆ ಬಂತು. ಅವಳು ಮತ್ತೆ ನೆಟ್ಟಗಾದಳು, ಮತ್ತೆ ಬಗ್ಗಿದಳು.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಮಾವ ಕೆಮ್ಮಿದರು, ಸೊಸೆ ಸರಿದು ನಿಲ್ಲಲೆಂದು ದಿನಾ ಕೆಮ್ಮುವ ಕೆಮ್ಮು.

ನೀಲವ್ವ ಬೇಕೆಂದು ಏನೂ ಮಾಡಲಿಲ್ಲ; ಕತ್ತು, ಭುಜ ತಾವಾಗಿಯೇ ಕುಗ್ಗಿದವು. ಬಾಗಿಲು ಗುರುತು ಹಿಡಿದು ತೆರೆದುಕೊಂಡಿತು.